ಕಾಣೆಯಾದ ಎರಡಾಣೆ: ನಾಸ್‌ಡ್ಯಾಕ್ 1994 ಮತ್ತು ಒಬ್ಬ ಫೈನಾನ್ಸ್ ಪ್ರೊಫೆಸರ್

ಶಿವಮೊಗ್ಗದ ನನ್ನ ಎಂಬಿಎ ಕ್ಲಾಸಿನಲ್ಲಿ ಈ ಪ್ರಕರಣವನ್ನು ಬೋರ್ಡಿನ ಮೇಲೆ ಕಂಬ ಬರೆದೇ ಶುರು ಮಾಡುತ್ತೇನೆ. ಎಡಗಡೆ ಎಂಟು ಕಂಬ, ಹೆಚ್ಚುಕಡಿಮೆ ಒಂದೇ ಎತ್ತರ. ಬಲಗಡೆಯೂ ಎಂಟು ಕಂಬಕ್ಕೆ ಜಾಗ. ಆದರೆ ಅಲ್ಲಿ ನಾಲ್ಕು ಮಾತ್ರ ಎತ್ತರ, ಉಳಿದ ನಾಲ್ಕು ನೆಲಕ್ಕೆ ಅಂಟಿಕೊಂಡ ಗೆರೆ. ಎಡಗಡೆಯದು ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜ್, ಬಲಗಡೆಯದು ನಾಸ್‌ಡ್ಯಾಕ್, ಎರಡೂ ಅಮೆರಿಕದ ಶೇರುಪೇಟೆಗಳು. ಡಾಲರಿನ ಎಂಟು ಪಾಲುಗಳಲ್ಲಿ ಒಂದೊಂದರಲ್ಲಿ ಎಷ್ಟು ಸಲ ಬೆಲೆ ಕೂಗಿದರು ಅನ್ನುವುದೇ ಒಂದೊಂದು ಕಂಬ. ವರ್ಷ 1991.

"ಏನು ಕಾಣ್ತಿದೆ?" ಅಂತ ಕೇಳಿದರೆ ಎಲ್ಲರೂ ಎತ್ತರದ ಕಂಬಗಳ ಬಗ್ಗೆಯೇ ಹೇಳುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಹಿಂದಿನ ಬೆಂಚಿನಿಂದ ಯಾರಾದರೂ "ಮೇಡಂ, ನಾಲ್ಕು ಇಲ್ವೇ ಇಲ್ಲ ಅಲ್ವಾ" ಅನ್ನುತ್ತಾರೆ. ಅಲ್ಲಿಂದ ಪಾಠ ಮುಂದಕ್ಕೆ ಹೋಗುತ್ತದೆ.

ವಿಲಿಯಂ ಕ್ರಿಸ್ಟಿ ಅನ್ನುವ ಪ್ರೊಫೆಸರರ ವೃತ್ತಿಜೀವನ ತಿರುಗಿದ್ದೂ ಆ ಇಲ್ಲದ ನಾಲ್ಕು ಕಂಬಗಳಿಂದಲೇ. ಶಿಕಾಗೋದಲ್ಲಿ ಪಿಎಚ್.ಡಿ. ಮಾಡಿದವರು, ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿರುವ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಫೈನಾನ್ಸ್ ಹೇಳಿಕೊಡುತ್ತಿದ್ದವರು. ಜೊತೆಗಾರ ಪಾಲ್ ಶುಲ್ಟ್ಸ್, ಆಗ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದರು. ಇಬ್ಬರದೂ ಮಾರುಕಟ್ಟೆಯ ಒಳರಚನೆಯ ಅಧ್ಯಯನ. ಅಂದರೆ ಶೇರಿನ ಬೆಲೆ ಏರುತ್ತೋ ಇಳಿಯುತ್ತೋ ಅನ್ನುವುದು ಇವರ ಪ್ರಶ್ನೆ ಅಲ್ಲ. ಆ ಬೆಲೆ ಯಾವ ಕಟ್ಟೆಯ ಮೇಲೆ, ಯಾರ ಕೈಯಲ್ಲಿ, ಯಾವ ನಿಯಮದಲ್ಲಿ ಹುಟ್ಟುತ್ತದೆ ಅನ್ನುವುದು. ಫೈನಾನ್ಸ್‌ನಲ್ಲಿ ಪಿಎಚ್.ಡಿ. ಮಾಡಬೇಕು ಅಂತ ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಇವರ ಕಥೆಯನ್ನೇ.

ಡಾಲರಿನ ಆಣೆ ಲೆಕ್ಕ

ನಾವು ಆಣೆ ಪೈ ಬಿಟ್ಟು ನಯಾಪೈಸೆಗೆ ಬಂದದ್ದು 1957ರಲ್ಲಿ. ಅಮೆರಿಕದ ಶೇರುಪೇಟೆ ಅದಾದ ನಂತರವೂ ನಲವತ್ತಕ್ಕಿಂತ ಜಾಸ್ತಿ ವರ್ಷ ಭಿನ್ನರಾಶಿಯಲ್ಲೇ ವ್ಯವಹಾರ ಮಾಡಿತು. ಒಂದು ಡಾಲರನ್ನು ಎಂಟು ಪಾಲು ಮಾಡಿ, ಒಂದೊಂದು ಪಾಲಿನಲ್ಲಿ ಬೆಲೆ ಕೂಗುವ ಪದ್ಧತಿ. ಒಂದು ಪಾಲು ಅಂದರೆ ಹನ್ನೆರಡೂವರೆ ಸೆಂಟ್.

ಕ್ಲಾಸಿನಲ್ಲಿ ನಾನು ಡಾಲರನ್ನೂ ಹದಿನಾರಾಣೆ ಮಾಡಿಬಿಡುತ್ತೇನೆ. ಆಗ ಎಂಟನೇ ಒಂದು ಅಂದರೆ ಎರಡಾಣೆ. ಮುಂದಿನವು ನಾಲ್ಕಾಣೆ, ಆರಾಣೆ, ಎಂಟಾಣೆ, ಹತ್ತಾಣೆ, ಹನ್ನೆರಡಾಣೆ, ಹದಿನಾಲ್ಕಾಣೆ. ಹಾಗೆ ನೋಡಿದರೆ ನಾಸ್‌ಡ್ಯಾಕ್‌ನಲ್ಲಿ ಕಾಣೆಯಾಗಿದ್ದ ಕಂಬಗಳು ಎರಡಾಣೆ, ಆರಾಣೆ, ಹತ್ತಾಣೆ ಮತ್ತು ಹದಿನಾಲ್ಕಾಣೆ, ಅಂದರೆ ಬೆಸ ಎಂಟನೇ ಭಾಗಗಳು. ಮುಂದೆ ಈ ನಾಲ್ಕನ್ನೂ ಒಟ್ಟಾಗಿ ಎರಡಾಣೆಯ ಬೆಲೆ ಅನ್ನುತ್ತೇನೆ. ಇದ್ದವು ಪೂರ್ತಿ ಡಾಲರ್, ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ.

ಇದರಿಂದ ಯಾರಿಗೆ ಏನು ನಷ್ಟ? ಚಿನ್ನದ ಅಂಗಡಿಯನ್ನು ನೆನೆಸಿಕೊಳ್ಳಿ. ನೀವು ಮಾರಲು ಹೋದರೆ ಒಂದು ರೇಟು, ಕೊಳ್ಳಲು ಹೋದರೆ ಇನ್ನೊಂದು ರೇಟು. ನಡುವಿನ ಅಂತರ ಅಂಗಡಿಯವನದು. ನಾಸ್‌ಡ್ಯಾಕ್‌ನಲ್ಲಿ ಆ ಅಂಗಡಿಯವರ ಹೆಸರು ಮಾರ್ಕೆಟ್ ಮೇಕರ್, ಅಂದರೆ ಡೀಲರ್. ಆ ಅಂತರದ ಹೆಸರು ಸ್ಪ್ರೆಡ್. 40 ಡಾಲರಿಗೆ ಕೊಳ್ಳುತ್ತೇನೆ, 40 ಡಾಲರ್ ನಾಲ್ಕಾಣೆಗೆ ಮಾರುತ್ತೇನೆ ಅಂತ ಡೀಲರ್ ಬೋರ್ಡು ಹಾಕಿದರೆ ಅವನ ಸ್ಪ್ರೆಡ್ ನಾಲ್ಕಾಣೆ, ಅಂದರೆ 25 ಸೆಂಟ್. ಎರಡಾಣೆಯ ಬೆಲೆಗಳನ್ನು ಯಾರೂ ಕೂಗುವುದೇ ಇಲ್ಲ ಅಂದ ಮೇಲೆ ಸ್ಪ್ರೆಡ್ ನಾಲ್ಕಾಣೆಗಿಂತ ಕೆಳಗೆ ಇಳಿಯುವ ದಾರಿಯೇ ಇಲ್ಲ. ಸಾವಿರ ಶೇರು ಕೊಂಡು ಮತ್ತೆ ಮಾರಿದವನು 125 ಡಾಲರ್ ಕೊಡುವ ಕಡೆ 250 ಡಾಲರ್ ಕೊಟ್ಟು ಬರುತ್ತಾನೆ. ಬಿಲ್ಲಿನಲ್ಲಿ ಅದು ಎಲ್ಲೂ ಕಾಣುವುದಿಲ್ಲ. ಬೆಲೆಯೊಳಗೇ ಸೇರಿಹೋಗಿರುತ್ತದೆ.

ಒಬ್ಬನೇ ಅಂಗಡಿಯವನಿದ್ದರೆ ಇದು ಅರ್ಥವಾಗುವ ಮಾತು. ಆದರೆ ನಾಸ್‌ಡ್ಯಾಕ್ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದದ್ದೇ ಪೈಪೋಟಿಯ ವಿಷಯ. ನ್ಯೂಯಾರ್ಕ್ ಎಕ್ಸ್‌ಚೇಂಜಿನಲ್ಲಿ ಒಂದು ಶೇರಿಗೆ ಒಬ್ಬ ಸ್ಪೆಷಲಿಸ್ಟ್, ಅಂದರೆ ಒಬ್ಬನೇ ಅಂಗಡಿಯವನ ಹಾಗೆ. ನಾಸ್‌ಡ್ಯಾಕ್‌ನಲ್ಲಿ ದೊಡ್ಡ ಶೇರುಗಳಿಗೆ ಹತ್ತಾರು ಡೀಲರ್‌ಗಳು. ಹತ್ತಾರು ಅಂಗಡಿ ಇರುವ ಬೀದಿಯಲ್ಲಿ ಒಬ್ಬನಾದರೂ ಎರಡಾಣೆ ಕಡಿಮೆಗೆ ಕೊಡುತ್ತೇನೆ ಅನ್ನಬೇಕಿತ್ತು. ವರ್ಷವಿಡೀ ಯಾರೂ ಅನ್ನಲಿಲ್ಲ.

ಎಣಿಸಿದ ಕೆಲಸ

ಕ್ರಿಸ್ಟಿ ಮತ್ತು ಶುಲ್ಟ್ಸ್ ತೆಗೆದುಕೊಂಡದ್ದು 1991ರಲ್ಲಿ ಚುರುಕಾಗಿ ವ್ಯವಹಾರವಾದ ನಾಸ್‌ಡ್ಯಾಕ್‌ನ 100 ಶೇರು. ಪಕ್ಕದಲ್ಲಿ ಇಟ್ಟದ್ದು ಅದೇ ಅಂದಾಜಿನ ಬೆಲೆ ಮತ್ತು ಗಾತ್ರದ, ಬೇರೆ ಎಕ್ಸ್‌ಚೇಂಜಿನ 100 ಶೇರು. ಕೂಗಿದ ಬೆಲೆಗಳನ್ನು ಎಂಟು ಡಬ್ಬಿಗಳಲ್ಲಿ ಹಂಚಿ ಎಣಿಸಿದರು. 100ರಲ್ಲಿ 70 ಶೇರುಗಳಿಗೆ ಎರಡಾಣೆಯ ಸಾಲು ಹೆಚ್ಚುಕಡಿಮೆ ಖಾಲಿ. ಆ 70ರಲ್ಲಿ ಆಪಲ್ ಕಂಪ್ಯೂಟರ್ ಇತ್ತು, ಲೋಟಸ್ ಡೆವಲಪ್‌ಮೆಂಟ್ ಇತ್ತು. ಯಾರೂ ಕೇಳದ ಮೂಲೆಯ ಕಂಪನಿಗಳಲ್ಲ.

ಇದರಲ್ಲಿ ಕಷ್ಟದ ಗಣಿತ ಇಲ್ಲ. ನನ್ನ ಮೊದಲ ಸೆಮಿಸ್ಟರ್ ಹುಡುಗರೂ ಈ ಲೆಕ್ಕ ಮಾಡಬಲ್ಲರು. ಆ ಡೇಟಾ ಬೇಕಾದಷ್ಟು ಸಂಶೋಧಕರ ಕೈಯಲ್ಲಿ ಇತ್ತು. ಎಲ್ಲರೂ ಸ್ಪ್ರೆಡ್‌ನ ಸರಾಸರಿ ತೆಗೆದು ಮುಂದೆ ಹೋಗುತ್ತಿದ್ದರು. ಸರಾಸರಿ ತೆಗೆದ ಕೂಡಲೇ ಆ ನಾಲ್ಕು ಖಾಲಿ ಡಬ್ಬಿಗಳು ಮಾಯ. ಸಂಖ್ಯೆಗಳನ್ನು ಕೂಡಿಸುವ ಮೊದಲು ಹರಡಿ ನೋಡಿದ್ದು ಇವರ ಕೆಲಸದ ಜೀವಾಳ. ಈ ಒಂದು ಅಭ್ಯಾಸ ಕಲಿಸಲು ನಾನು ವರ್ಷಕ್ಕೆ ನಾಲ್ಕೈದು ಕ್ಲಾಸು ಬೇಕಾದರೂ ಕೊಡುತ್ತೇನೆ.

ಸುಮ್ನೆ ಎಣಿಸಿ ಬಿಡಲಿಲ್ಲ. ಒಂದು ಸಹಜ ವಿವರಣೆ ಆಗಲೇ ಚಾಲ್ತಿಯಲ್ಲಿತ್ತು. ಲಾರೆನ್ಸ್ ಹ್ಯಾರಿಸ್ ಅನ್ನುವ ಇನ್ನೊಬ್ಬ ಸಂಶೋಧಕರು 1991ರಲ್ಲಿ ಬರೆದದ್ದು: ಚೌಕಾಸಿ ಬೇಗ ಮುಗಿಯಲಿ ಅಂತ ಜನ ದುಂಡು ಸಂಖ್ಯೆಗಳನ್ನೇ ಹಿಡಿಯುತ್ತಾರೆ. ನಾವೂ ಹಾಗೇ ಅಲ್ವಾ? ಸೈಟಿನ ವ್ಯಾಪಾರ ಲಕ್ಷದ ಲೆಕ್ಕದಲ್ಲಿ, ಸೊಪ್ಪಿನ ವ್ಯಾಪಾರ ಐದು ಹತ್ತರ ಲೆಕ್ಕದಲ್ಲಿ. ಹಾಗಾಗಿ ದುಂಡು ಬೆಲೆಗಳು ಕಂಡ ಮಾತ್ರಕ್ಕೆ ಒಳಸಂಚು ಅನ್ನುವ ಹಾಗಿಲ್ಲ. ಆದರೆ ಆ ವಿವರಣೆಯ ಪ್ರಕಾರ ದುಂಡು ಬೆಲೆಗಳು ಜಾಸ್ತಿ ಇರಬೇಕು, ಉಳಿದವು ಕಡಿಮೆ ಇರಬೇಕು. ಪೂರಾ ಇಲ್ಲದೇ ಹೋಗುವುದು ಯಾಕೆ? ಅದೇ ಗಾತ್ರದ, ಅದೇ ಬೆಲೆಯ ಶೇರು ಪಕ್ಕದ ಎಕ್ಸ್‌ಚೇಂಜಿನಲ್ಲಿ ಎಂಟೂ ಡಬ್ಬಿ ಬಳಸುವುದು ಯಾಕೆ? ವ್ಯವಹಾರದ ಪ್ರಮಾಣ ನೋಡಿದರು, ಸ್ಪ್ರೆಡ್ ಹೆಚ್ಚಿಸಬಹುದಾದ ಬೇರೆ ಕಾರಣಗಳನ್ನು ನೋಡಿದರು. ಯಾವುದಕ್ಕೂ ಇದು ಜಗ್ಗಲಿಲ್ಲ.

ಪ್ರಬಂಧ 1994ರ ಡಿಸೆಂಬರ್‌ನಲ್ಲಿ ಜರ್ನಲ್ ಆಫ್ ಫೈನಾನ್ಸ್‌ನಲ್ಲಿ ಅಚ್ಚಾಯಿತು. ಅದರ ತಲೆಬರಹವೇ ಒಂದು ಪ್ರಶ್ನೆ: ನಾಸ್‌ಡ್ಯಾಕ್ ಡೀಲರ್‌ಗಳು ಬೆಸ ಎಂಟನೇ ಭಾಗದ ಬೆಲೆಗಳನ್ನು ಯಾಕೆ ದೂರ ಇಡುತ್ತಾರೆ? ಒಳಗೂ ಅವರು ಇಟ್ಟದ್ದು ಪ್ರಶ್ನೆಯನ್ನೇ. ಸ್ಪ್ರೆಡ್ ಅಗಲವಾಗಿಯೇ ಇರಲಿ ಅಂತ ಡೀಲರ್‌ಗಳ ನಡುವೆ ಬಾಯಿಬಿಟ್ಟು ಹೇಳದ ಹೊಂದಾಣಿಕೆ ಇದೆಯೇ ಅಂತ ಕೇಳಿದರು. ಇದೆ ಅಂತ ಬರೆಯಲಿಲ್ಲ. ನನಗೆ ಅವರ ಬಗ್ಗೆ ಇರುವ ಗೌರವದಲ್ಲಿ ಅರ್ಧ ಈ ಸಂಯಮಕ್ಕೆ ಸೇರಿದ್ದು. ಕೈಯಲ್ಲಿ ಅಂಥ ಚಿತ್ರ ಇದ್ದಾಗ ದೊಡ್ಡ ಮಾತು ಆಡದೇ ಇರುವುದು ಸುಲಭವಲ್ಲ.

ಮೇ 27, ಶುಕ್ರವಾರ

ಅಚ್ಚಾಗುವುದಕ್ಕೆ ಮೊದಲೇ ವಿಷಯ ಹೊರಬಿತ್ತು. 1994ರ ಮೇ 26 ಮತ್ತು 27ರಂದು ಅಮೆರಿಕದ ಹಲವು ಪತ್ರಿಕೆಗಳು ಈ ಅಧ್ಯಯನದ ಬಗ್ಗೆ ಬರೆದವು.

27ರಂದು ಆದದ್ದನ್ನು ನಿಧಾನವಾಗಿ ಹೇಳಬೇಕು. ಅವತ್ತು ಮೈಕ್ರೋಸಾಫ್ಟ್, ಸಿಸ್ಕೋ, ಆಮ್ಜೆನ್ ಶೇರುಗಳಲ್ಲಿ ಎರಡಾಣೆಯ ಬೆಲೆಗಳು ಏಕಾಏಕಿ ಕಾಣಿಸಿಕೊಂಡವು. ಹಿಂದಿನ ದಿನದವರೆಗೂ ಖಾಲಿ ಇದ್ದ ಡಬ್ಬಿಗಳು ತುಂಬತೊಡಗಿದವು. ಆ ಶೇರುಗಳ ಸ್ಪ್ರೆಡ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಆ ವಾರಾಂತ್ಯ ಅಮೆರಿಕದಲ್ಲಿ ಮೆಮೋರಿಯಲ್ ಡೇ ರಜೆ. ರಜೆ ಮುಗಿದು ಪೇಟೆ ತೆರೆದ ದಿನ ಆಪಲ್‌ನಲ್ಲೂ ಅದೇ ಆಯಿತು. ಕಂಪನಿಗಳಲ್ಲಿ ಏನೂ ಬದಲಾಗಿರಲಿಲ್ಲ. ನಿಯಮ ಬದಲಾಗಿರಲಿಲ್ಲ, ಕಂಪ್ಯೂಟರ್ ಬದಲಾಗಿರಲಿಲ್ಲ. ಬದಲಾಗಿದ್ದು ಒಂದೇ: ಯಾರೋ ಎಣಿಸುತ್ತಿದ್ದಾರೆ ಅಂತ ಗೊತ್ತಾಗಿತ್ತು.

ಕ್ರಿಸ್ಟಿ ಮತ್ತು ಶುಲ್ಟ್ಸ್ ಕೂಡಲೇ ಎರಡನೇ ಪ್ರಬಂಧಕ್ಕೆ ಕೂತರು. ಜೆಫ್ರಿ ಹ್ಯಾರಿಸ್ ಅನ್ನುವ ಕಿರಿಯ ಸಂಶೋಧಕ ಸೇರಿಕೊಂಡರು. ಈ ಸಲದ ಪ್ರಶ್ನೆ: ದೂರ ಇಡುವುದನ್ನು ಯಾಕೆ ನಿಲ್ಲಿಸಿದರು? ಈ ಬಾರಿ ಆಪಲ್ ಮತ್ತು ಮೈಕ್ರೋಸಾಫ್ಟ್ ಶೇರುಗಳಲ್ಲಿ ಒಬ್ಬೊಬ್ಬ ಡೀಲರ್ ಯಾವಾಗ ಏನು ಕೂಗಿದ ಅನ್ನುವುದನ್ನೇ ನೋಡಿದರು. ಹೆಚ್ಚುಕಡಿಮೆ ಎಲ್ಲ ಡೀಲರ್‌ಗಳೂ ಒಟ್ಟಿಗೇ, ಒಂದೇ ಹೆಜ್ಜೆಯಲ್ಲಿ ಬದಲಾಗಿದ್ದರು. ಎರಡೂ ಪ್ರಬಂಧ ಒಂದೇ ಸಂಚಿಕೆಯಲ್ಲಿ ಬಂದವು.

ವಾದದ ದೃಷ್ಟಿಯಿಂದ ಎರಡನೆಯದೇ ಗಟ್ಟಿ ಅನ್ನುವುದು ನನ್ನ ಅಭಿಪ್ರಾಯ. ದುಂಡು ಸಂಖ್ಯೆಯ ಮೇಲಿನ ಒಲವು ಮನುಷ್ಯಸಹಜ ಅಂತಾದರೆ ಅದು ಪತ್ರಿಕೆ ಓದಿದ ಮರುದಿನವೇ ಹೋಗುವುದಿಲ್ಲ. ಡೀಲರ್‌ಗಳು ಇನ್ನೊಂದು ವರ್ಷ ಹಳೇ ದಾರಿಯಲ್ಲೇ ನಡೆದಿದ್ದರೆ ಈ ಚರ್ಚೆ ಜರ್ನಲ್‌ಗಳ ಒಳಗೇ ಉಳಿದುಬಿಡುತ್ತಿತ್ತೋ ಏನೋ.

ಪೈಪೋಟಿ ಯಾಕೆ ಸತ್ತಿತ್ತು

ನನ್ನ ವಿದ್ಯಾರ್ಥಿಗಳಿಗೆ ಇದೇ ಎಲ್ಲಕ್ಕಿಂತ ಕಷ್ಟದ ಭಾಗ. ಹತ್ತಾರು ಜನ ಡೀಲರ್‌ಗಳು. ಒಬ್ಬ ಎರಡಾಣೆ ಕಡಿಮೆ ಮಾಡಿದರೆ ಗಿರಾಕಿಯೆಲ್ಲ ಅವನ ಅಂಗಡಿಗೇ ಬರಬೇಕು. ಹಾಗಾದರೆ ಯಾಕೆ ಮಾಡಲಿಲ್ಲ?

ಯಾಕೆಂದರೆ ಗಿರಾಕಿ ಅಂಗಡಿ ನೋಡಿ ಬರುತ್ತಲೇ ಇರಲಿಲ್ಲ. ಬ್ರೋಕರ್ ಕಂಪನಿಗಳು ತಮ್ಮ ಗಿರಾಕಿಗಳ ಆರ್ಡರನ್ನು ಮೊದಲೇ ಗೊತ್ತುಮಾಡಿಕೊಂಡ ಡೀಲರಿಗೆ ಕಳಿಸುತ್ತಿದ್ದವು. ಆ ಡೀಲರ್ ತಾನು ಬೋರ್ಡಿನಲ್ಲಿ ಏನೇ ಬರೆದಿರಲಿ, ಪೇಟೆಯಲ್ಲಿರುವ ಒಳ್ಳೆಯ ಬೆಲೆ ಕೊಡುತ್ತೇನೆ ಅಂತ ಒಪ್ಪಿಕೊಂಡಿರುತ್ತಿದ್ದ. ಈಗ ಯೋಚಿಸಿ. ನೀವು ಬೆಲೆ ಇಳಿಸಿದರೆ ಆರ್ಡರ್ ನಿಮಗೆ ಬರುವುದಿಲ್ಲ. ಎಂದಿನ ಡೀಲರಿಗೇ ಹೋಗುತ್ತದೆ. ಆದರೆ ಅವನು ನೀವು ಇಳಿಸಿದ ಬೆಲೆಗೆ ಕೊಡಬೇಕಾಗುತ್ತದೆ. ನಿಮಗೆ ಲಾಭ ಇಲ್ಲ, ಅವನಿಗೆ ನಷ್ಟ. ಅವನು ಸುಮ್ಮನಿರುತ್ತಾನಾ? ಫೋನ್ ಮಾಡುತ್ತಾನೆ.

ಆ ಫೋನಿನ ವಿಷಯ ಆಮೇಲೆ ತನಿಖೆಯಲ್ಲಿ ಹೊರಬಂತು. ಡೀಲರ್‌ಗಳ ಕೋಣೆಯಲ್ಲಿ ವ್ಯವಹಾರದ ತಕರಾರು ಬಂದರೆ ಇರಲಿ ಅಂತ ಫೋನ್ ಮಾತುಗಳನ್ನು ರೆಕಾರ್ಡ್ ಮಾಡುವ ಪದ್ಧತಿ ಇತ್ತು. ನ್ಯಾಯ ಇಲಾಖೆಯವರು ಆ ಟೇಪುಗಳನ್ನೇ ತರಿಸಿಕೊಂಡು ಕೇಳಿದರು. ಅವರ ದೂರಿನ ಪ್ರಕಾರ ಡೀಲರ್‌ಗಳ ನಡುವೆ ಒಂದು ಪರಿಪಾಠ ಇತ್ತು. ಡೀಲರನ ಸ್ಪ್ರೆಡ್ ಮುಕ್ಕಾಲು ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನಾಲ್ಕಾಣೆಯ ಹೆಜ್ಜೆಗಳಲ್ಲೇ ಬೆಲೆ ಕೂಗಬೇಕು. ತಪ್ಪಿದವರಿಗೆ ಉಳಿದವರು ಫೋನ್ ಮಾಡಿ ಒತ್ತಡ ಹಾಕುತ್ತಿದ್ದರು.

ಇಲ್ಲಿ ತಂತ್ರಜ್ಞಾನದ ಪಾತ್ರವನ್ನು ಗಮನಿಸಬೇಕು. ನಾಸ್‌ಡ್ಯಾಕ್ 1971ರ ಫೆಬ್ರವರಿಯಲ್ಲಿ ಶುರುವಾದಾಗಿನಿಂದಲೂ ಕಂಪ್ಯೂಟರ್ ಪರದೆಯ ಪೇಟೆ. ಪರದೆ ಬಂದರೆ ಎಲ್ಲರಿಗೂ ಬೆಲೆ ಕಾಣುತ್ತದೆ, ಕಂಡರೆ ಪೈಪೋಟಿ ಹೆಚ್ಚುತ್ತದೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಆದರೆ ಆ ಪರದೆಯ ಮೇಲೆ ಪ್ರತಿ ಬೆಲೆಯ ಪಕ್ಕದಲ್ಲೂ ಅದನ್ನು ಕೂಗಿದ ಡೀಲರನ ಗುರುತು ಇರುತ್ತಿತ್ತು. ಯಾರು ಸಾಲು ತಪ್ಪಿದರು ಅನ್ನುವುದು ಆ ಕ್ಷಣದಲ್ಲೇ ಉಳಿದ ಎಲ್ಲರಿಗೂ ಗೊತ್ತು. ಗಿರಾಕಿಗೆ ಸಹಾಯವಾಗಲಿ ಅಂತ ಇದ್ದ ಪರದೆ ಪಕ್ಕದ ಅಂಗಡಿಯವನ ಮೇಲೆ ಕಣ್ಣಿಡಲು ಇನ್ನೂ ಚೆನ್ನಾಗಿ ಕೆಲಸಕ್ಕೆ ಬಂತು. ನಮ್ಮ ದನದ ಜಾತ್ರೆಯ ದಲ್ಲಾಳಿಗಳು ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವುದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ. ಆಗ ಅದು ಬರೀ ಮುಚ್ಚುಮರೆ ಅನ್ನಿಸುತ್ತಿತ್ತು. ಈ ಪ್ರಕರಣ ಓದಿದ ಮೇಲೆ ಬೇರೆ ಥರ ಕಾಣುತ್ತದೆ. ಟವೆಲಿನ ಕೆಳಗೆ ಬೆಲೆ ಇಳಿಸಿದವನನ್ನು ಪಕ್ಕದವನು ಗದರಿಸಲು ಸಾಧ್ಯವಿಲ್ಲ.

ಅದೇ 1994ರ ನವೆಂಬರ್‌ನಲ್ಲಿ ಮುಂಬೈಯ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್ ಶೇರು ವ್ಯವಹಾರ ಶುರುಮಾಡಿತು. ಅದೂ ಪರದೆಯ ಪೇಟೆಯೇ. ಆದರೆ ಅಲ್ಲಿ ನಡುವೆ ಡೀಲರ್ ಇರಲಿಲ್ಲ. ಕೊಳ್ಳುವವರ ಮತ್ತು ಮಾರುವವರ ಆರ್ಡರುಗಳನ್ನೇ ಕಂಪ್ಯೂಟರ್ ಜೋಡಿಸುತ್ತಿತ್ತು. ಆರ್ಡರ್ ಯಾರದು ಅನ್ನುವುದು ಎದುರಿನವರಿಗೆ ಗೊತ್ತಾಗುತ್ತಿರಲಿಲ್ಲ. ಪರದೆ ಎರಡು ಕಡೆಯೂ ಇತ್ತು, ಆದರೆ ತೋರಿಸಿದ್ದು ಬೇರೆ ಬೇರೆ. ತಂತ್ರಜ್ಞಾನ ಬಂತು, ಪೇಟೆ ಸುಧಾರಿಸಿತು ಅಂತ ಉತ್ತರಪತ್ರಿಕೆಯಲ್ಲಿ ಬರೆಯುವವರಿಗೆ ನಾನು ಈ ಎರಡು ಪರದೆಗಳನ್ನು ಹೋಲಿಸಲು ಹೇಳುತ್ತೇನೆ.

ಎದುರಾಳಿಗಳು

ಪ್ರಬಂಧ ಬಂದ ಮೇಲಿನ ಎರಡು ಮೂರು ವರ್ಷ ಸುಲಭದ್ದಾಗಿರಲಾರದು. ಸುದ್ದಿ ಬಂದ ಕೆಲವೇ ದಿನಗಳಲ್ಲಿ ಹೂಡಿಕೆದಾರರು ಡೀಲರ್ ಕಂಪನಿಗಳ ಮೇಲೆ ಕೇಸು ಹಾಕಿದರು. ಕೋಟಿಗಟ್ಟಲೆ ಡಾಲರಿನ ಪ್ರಶ್ನೆ ಅಂದ ಮೇಲೆ ಇನ್ನೊಂದು ಕಡೆಯಿಂದಲೂ ದೊಡ್ಡ ದೊಡ್ಡ ಅರ್ಥಶಾಸ್ತ್ರಜ್ಞರು ಬರೆದರು. ಅಲನ್ ಕ್ಲೈಡನ್ ಮತ್ತು ಪ್ರಿನ್ಸ್‌ಟನ್‌ನ ರಾಬರ್ಟ್ ವಿಲ್ಲಿಗ್ ಈ ಡೇಟಾದಿಂದ ಒಳಒಪ್ಪಂದ ಅಂತ ತೀರ್ಮಾನಿಸುವುದು ಹೇಗೆ ಅಂತ ಪ್ರಶ್ನಿಸಿದರು. 1997ರಲ್ಲಿ ಬಂದ ಇನ್ನೊಂದು ಪ್ರಬಂಧ, ಪೈಪೋಟಿ ಇರುವ ಪೇಟೆಗಳಲ್ಲೂ ಬೆಲೆಗಳು ಗುಂಪುಗೂಡುತ್ತವೆ ಅಂತ ವಾದಿಸಿತು. ಅದನ್ನು ಬರೆದವರಲ್ಲಿ ಒಬ್ಬರು ಮರ್ಟನ್ ಮಿಲ್ಲರ್, 1990ರ ನೊಬೆಲ್ ಪಡೆದವರು. ಕ್ರಿಸ್ಟಿ ಓದಿದ ಶಿಕಾಗೋದ ಪ್ರೊಫೆಸರ್.

ಇದನ್ನು ಹೇಳುವಾಗ ಮಿಲ್ಲರರ ಕಡೆಯವರು ಸುಮ್ಮನೆ ಡೀಲರ್‌ಗಳ ಪರ ನಿಂತರು ಅಂತ ನಾನು ಹೇಳುವುದಿಲ್ಲ. ಅವರ ಆಕ್ಷೇಪಣೆಯಲ್ಲಿ ಹುರುಳಿತ್ತು. ಬೆಲೆಯ ಗುರುತು ಒಂದೇ ಸಾಕ್ಷಿಯಾದರೆ ಅದರಿಂದ ಮನಸ್ಸಿನ ಉದ್ದೇಶಕ್ಕೆ ಹೋಗುವುದು ನಿಜಕ್ಕೂ ದೊಡ್ಡ ನೆಗೆತ. ಕಂಬದ ಚಿತ್ರ ಅನುಮಾನ ಹುಟ್ಟಿಸಬಲ್ಲದು. ಯಾರು ಯಾರಿಗೆ ಏನು ಹೇಳಿದರು ಅನ್ನುವುದನ್ನು ಅದು ಹೇಳುವುದಿಲ್ಲ. ಅದಕ್ಕೆ ಟೇಪುಗಳೇ ಬೇಕಾದವು. ಪ್ರೊಫೆಸರ್ ಎಲ್ಲಿ ನಿಲ್ಲಬೇಕು, ತನಿಖೆಯವರು ಎಲ್ಲಿಂದ ಶುರು ಮಾಡಬೇಕು ಅನ್ನುವ ಗಡಿ ಈ ಪ್ರಕರಣದಲ್ಲಿ ತುಂಬ ಚೆನ್ನಾಗಿ ಕಾಣುತ್ತದೆ.

ಮುಂದಿನದನ್ನು ಬೇಗ ಹೇಳುತ್ತೇನೆ. 1996ರ ಜುಲೈಯಲ್ಲಿ ನ್ಯಾಯ ಇಲಾಖೆ 24 ಡೀಲರ್ ಕಂಪನಿಗಳ ಮೇಲೆ ಸಿವಿಲ್ ದೂರು ಹಾಕಿ, ಜೊತೆಗೇ ರಾಜಿ ಮಾಡಿಕೊಂಡಿತು. ಕಂಪನಿಗಳು ತಪ್ಪು ಒಪ್ಪಿಕೊಳ್ಳಲಿಲ್ಲ. ಆದರೆ ತಮ್ಮ ಡೀಲರ್‌ಗಳ ಫೋನ್ ಮಾತುಗಳಲ್ಲಿ 3.5 ಪ್ರತಿಶತದವರೆಗೆ ಅಲ್ಲೊಂದು ಇಲ್ಲೊಂದು ಆರಿಸಿ ರೆಕಾರ್ಡ್ ಮಾಡಿ ಕೇಳಲು ಒಪ್ಪಿದವು. ಆಗಸ್ಟ್‌ನಲ್ಲಿ ಅಲ್ಲಿನ ಶೇರುಪೇಟೆ ನಿಯಂತ್ರಕ ಸಂಸ್ಥೆ ಎಸ್‌ಇಸಿ, ನಾಸ್‌ಡ್ಯಾಕನ್ನು ನಡೆಸುತ್ತಿದ್ದ ಎನ್‌ಎಎಸ್‌ಡಿಯನ್ನು ತರಾಟೆಗೆ ತೆಗೆದುಕೊಂಡಿತು. ನಿಗಾ ಮತ್ತು ಕ್ರಮಕ್ಕೆ ಐದು ವರ್ಷಗಳಲ್ಲಿ 10 ಕೋಟಿ ಡಾಲರ್ ಖರ್ಚು ಮಾಡಬೇಕಾಗಿ ಬಂತು. ಹೂಡಿಕೆದಾರರ ಕೇಸು 37 ಕಂಪನಿಗಳೊಂದಿಗೆ ಸುಮಾರು 102 ಕೋಟಿ 70 ಲಕ್ಷ ಡಾಲರಿಗೆ ರಾಜಿಯಾಯಿತು. ಕೋರ್ಟು ಅದಕ್ಕೆ 1998ರಲ್ಲಿ ಒಪ್ಪಿಗೆ ಕೊಟ್ಟಿತು.

ಪೇಟೆಯನ್ನು ಮತ್ತೆ ಕಟ್ಟಿದ್ದು

ದಂಡ, ರಾಜಿ ಎಲ್ಲಕ್ಕಿಂತ ದೊಡ್ಡದು 1997ರ ಜನವರಿ 20ರಿಂದ ಕಂತು ಕಂತಾಗಿ ಜಾರಿಗೆ ಬಂದ ಹೊಸ ನಿಯಮ. ಅದರಲ್ಲಿ ಎರಡು ಮುಖ್ಯ ಮಾತು. ಒಬ್ಬ ಸಾಮಾನ್ಯ ಗಿರಾಕಿ ಡೀಲರಿಗಿಂತ ಒಳ್ಳೆಯ ಬೆಲೆಗೆ ಕೊಳ್ಳಲು ಅಥವಾ ಮಾರಲು ಬಂದರೆ ಆ ಬೆಲೆಯನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ಡೀಲರ್‌ಗಳು ತಮ್ಮತಮ್ಮಲ್ಲಿ ವ್ಯವಹಾರ ಮಾಡುವ ಖಾಸಗಿ ಕಂಪ್ಯೂಟರ್ ಜಾಲದಲ್ಲಿ ಒಳ್ಳೆಯ ಬೆಲೆ ಇಟ್ಟು, ಹೊರಗೆ ಕೆಟ್ಟ ಬೆಲೆ ತೋರಿಸುವ ಹಾಗಿಲ್ಲ.

ಇದರ ಬಾಗಿಲಲ್ಲಿ ಒಳಗೆ ಬಂದವರ ಕಥೆಯೂ ಚೆನ್ನಾಗಿದೆ. 1987ರ ಅಕ್ಟೋಬರ್ ಕುಸಿತದ ದಿನ ಡೀಲರ್‌ಗಳು ಫೋನ್ ಎತ್ತಲೇ ಇಲ್ಲ ಅನ್ನುವ ದೂರು ಬಂದಿತ್ತು. ಆಮೇಲೆ ಸಣ್ಣ ಆರ್ಡರುಗಳು ತಾವಾಗಿಯೇ ನೆರವೇರುವ ವ್ಯವಸ್ಥೆಯಲ್ಲಿ ಡೀಲರ್‌ಗಳು ಭಾಗವಹಿಸುವುದು ಕಡ್ಡಾಯವಾಯಿತು. ಒಂದು ಸಲಕ್ಕೆ ಸಾವಿರ ಶೇರಿನವರೆಗೆ. ಆ ಸಂದಿಯನ್ನು ಹಿಡಿದು ಚಕಚಕನೆ ವ್ಯಾಪಾರ ಮಾಡುವ ಯುವಕರ ಗುಂಪುಗಳು ಹುಟ್ಟಿಕೊಂಡವು. ಡೀಲರ್‌ಗಳು ಅವರನ್ನು ಡಕಾಯಿತರು ಅಂತ ಕರೆದರು. ಅವರ ನಡುವಿನಿಂದ ಬಂದ ಜೋಶ್ ಲೆವಿನ್ ಅನ್ನುವ ಪ್ರೋಗ್ರಾಮರ್, ಜೆಫ್ ಸಿಟ್ರನ್ ಜೊತೆಗೂಡಿ 1996ರಲ್ಲಿ ಐಲ್ಯಾಂಡ್ ಅನ್ನುವ ಪುಟ್ಟ ಕಂಪ್ಯೂಟರ್ ಪೇಟೆ ತೆರೆದರು. ಅಲ್ಲಿ ಡೀಲರ್ ಬೇಕಿಲ್ಲ, ಎರಡಾಣೆಗಿಂತಲೂ ಸಣ್ಣ ಹೆಜ್ಜೆಯಲ್ಲಿ ಬೆಲೆ ಇಡಬಹುದು. ಹೊಸ ನಿಯಮ ಬಂದ ಮೇಲೆ ಐಲ್ಯಾಂಡಿನ ಬೆಲೆಗಳು ನಾಸ್‌ಡ್ಯಾಕ್ ಪರದೆಯ ಮೇಲೇ ಕಾಣಿಸತೊಡಗಿದವು.

ಕ್ರಿಸ್ಟಿ, ಶುಲ್ಟ್ಸ್, ಜೆಫ್ರಿ ಹ್ಯಾರಿಸ್ ಮತ್ತೆ ಎಣಿಸಲು ಕೂತರು. ಇನ್ನಿಬ್ಬರು ಜೊತೆ ಸೇರಿಕೊಂಡರು. ನಿಯಮ ಮೊದಲು ಅನ್ವಯವಾದ ಶೇರುಗಳನ್ನು ನೋಡಿ, ಸ್ಪ್ರೆಡ್ ಸುಮಾರು 30 ಪ್ರತಿಶತ ಇಳಿದಿದೆ ಅಂತ 1999ರಲ್ಲಿ ಬರೆದರು. ಮೊದಲು ಸ್ಪ್ರೆಡ್ ಅಗಲವಾಗಿದ್ದ ಶೇರುಗಳಲ್ಲಿ ಇಳಿಕೆ ಜಾಸ್ತಿ. ರೋಗ ಹೇಳಿದ ವೈದ್ಯರೇ ಔಷಧಿ ನಾಟಿತೋ ಇಲ್ಲವೋ ಅಂತ ತಿರುಗಿ ಬಂದು ನೋಡಿದ್ದು ನನಗೆ ತುಂಬ ಇಷ್ಟವಾಗುತ್ತದೆ. ಒಂದು ಪ್ರಬಂಧ ಹೆಸರು ತಂದುಕೊಟ್ಟ ಮೇಲೆ ಬೇರೆ ವಿಷಯಕ್ಕೆ ಹಾರುವವರೇ ಜಾಸ್ತಿ.

1997ರ ಜೂನ್‌ನಲ್ಲಿ ಹೆಜ್ಜೆ ಹದಿನಾರನೇ ಒಂದಕ್ಕೆ, ನಮ್ಮ ಲೆಕ್ಕದಲ್ಲಿ ಒಂದಾಣೆಗೆ, ಇಳಿಯಿತು. 2001ರ ಏಪ್ರಿಲ್‌ಗೆ ನಾಸ್‌ಡ್ಯಾಕ್ ಪೂರ್ತಿ ಸೆಂಟಿಗೆ ಬಂತು. ಇನ್ಫೋಸಿಸ್ 1999ರ ಮಾರ್ಚ್‌ನಲ್ಲಿ ನಾಸ್‌ಡ್ಯಾಕ್‌ಗೆ ಹೋದದ್ದು ಈ ನಡುವಿನ ಕಾಲದಲ್ಲಿ. ಬೆಂಗಳೂರಿನ ಕಂಪನಿಯೊಂದರ ಶೇರು ಅಮೆರಿಕದಲ್ಲಿ ಮೊದಲ ಬಾರಿ ಆಣೆ ಲೆಕ್ಕದಲ್ಲಿ ಮಾರಾಟವಾಯಿತು ಅಂದರೆ ಹುಡುಗರು ನಗುತ್ತಾರೆ, ಆದರೆ ಅದು ನಿಜ. ಐದಾರು ವರ್ಷ ಮೊದಲು ಹೋಗಿದ್ದರೆ ಆ ಶೇರು ಕೊಂಡವರೂ ನಾಲ್ಕಾಣೆ ಅಂತರದ ಪೇಟೆಗೇ ಹೋಗಿರುತ್ತಿದ್ದರು.

ಎಲ್ಲವೂ ಒಳ್ಳೆಯದೇ ಆಯಿತು ಅಂತಲ್ಲ. ಸ್ಪ್ರೆಡ್ ಸೆಂಟಿಗೆ ಇಳಿದ ಮೇಲೆ ಹಳೆಯ ಡೀಲರ್‌ಗಳಿಗೆ ಅಲ್ಲಿ ಉಳಿಯುವ ಕಾರಣ ಕಡಿಮೆಯಾಯಿತು. ಆ ಜಾಗಕ್ಕೆ ಅತಿವೇಗದ ಕಂಪ್ಯೂಟರ್ ವ್ಯಾಪಾರಿಗಳು ಬಂದರು. 2010ರ ಮೇ 6ರಂದು ಕೆಲವೇ ನಿಮಿಷಗಳಲ್ಲಿ ಅಮೆರಿಕದ ಪೇಟೆ ಬಿದ್ದು ಎದ್ದದ್ದು ಈ ಹೊಸ ಲೋಕದ ಕಥೆ. ಈಗ ಪ್ರಶ್ನೆ ಇನ್ನೊಂದು ರೂಪದಲ್ಲಿ ಬಂದಿದೆ. ಅಮೆರಿಕದ ವಾರ್ಟನ್ ಬಿಸಿನೆಸ್ ಶಾಲೆಯ ವಿನ್‌ಸ್ಟನ್ ಡೌ, ಇಟಾಯ್ ಗೋಲ್ಡ್‌ಸ್ಟೀನ್ ಮತ್ತು ಹಾಂಗ್‌ಕಾಂಗ್‌ನ ಯಾನ್ ಜಿ ಕಂಪ್ಯೂಟರಿನಲ್ಲೇ ಕಟ್ಟಿದ ಮಾದರಿ ಪೇಟೆಯಲ್ಲಿ, ತಾವಾಗಿ ಕಲಿಯುವ ಪ್ರೋಗ್ರಾಮುಗಳು ಒಂದಕ್ಕೊಂದು ಮಾತಾಡದೆಯೇ ಪೈಪೋಟಿ ಬಿಟ್ಟು ಹೊಂದಿಕೊಳ್ಳುವುದನ್ನು ತೋರಿಸಿದ್ದಾರೆ. 1996ರಲ್ಲಿ ಕೇಳಲು ಟೇಪು ಇತ್ತು. ಈ ಪ್ರೋಗ್ರಾಮುಗಳ ನಡುವೆ ಫೋನೇ ಇಲ್ಲ. ಹಾಗಾಗಿ ಮತ್ತೆ ಅಂಕಿಗಳನ್ನು ಹರಡಿ ನೋಡುವವರೇ ಬೇಕು.

ಕ್ರಿಸ್ಟಿ ವ್ಯಾಂಡರ್‌ಬಿಲ್ಟ್‌ನಲ್ಲೇ ಉಳಿದರು, 2000ದಲ್ಲಿ ಅಲ್ಲಿನ ಮ್ಯಾನೇಜ್‌ಮೆಂಟ್ ಶಾಲೆಯ ಡೀನ್ ಆದರು. ಶುಲ್ಟ್ಸ್ ನೋಟರ್ ಡೇಮ್ ವಿಶ್ವವಿದ್ಯಾಲಯಕ್ಕೆ ಹೋದರು. ಜೆಫ್ರಿ ಹ್ಯಾರಿಸ್ ಮುಂದೆ ಅಮೆರಿಕದ ಎರಡು ನಿಯಂತ್ರಕ ಸಂಸ್ಥೆಗಳಲ್ಲಿ ಮುಖ್ಯ ಅರ್ಥಶಾಸ್ತ್ರಜ್ಞರಾಗಿ ಕೆಲಸ ಮಾಡಿದರು. ಅದರಲ್ಲಿ ಒಂದು ಎಸ್‌ಇಸಿಯೇ.

ತೀರ್ಥಹಳ್ಳಿಯ ಪ್ರಶ್ನೆ

ಹೋದ ವರ್ಷ ಈ ಪಾಠ ಮುಗಿಸಿ ಬೋರ್ಡು ಒರೆಸುತ್ತಿದ್ದೆ. ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಬಂದು ನಿಂತ. ಮನೆಯಲ್ಲಿ ಅಡಿಕೆ ತೋಟ. "ಮೇಡಂ, ನಮ್ಮ ಮಂಡಿ ರೇಟು ನೋಡಿದೀರಾ? ಅರ್ಧಕ್ಕರ್ಧ ಒಂಬತ್ತರಲ್ಲೇ ಮುಗಿಯುತ್ತೆ" ಅಂದ.

ಪೇಪರಿನಲ್ಲಿ ದಿನಾ ಕಣ್ಣಿಗೆ ಬೀಳುವ ವಿಷಯ. ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಸಾಲು. ಪಕ್ಕದಲ್ಲಿ 09, 99ರಲ್ಲಿ ಮುಗಿಯುವ ಬೆಲೆಗಳು. ನಾನು ಒಂದು ದಿನವೂ ಯಾಕೆ ಅಂತ ಯೋಚಿಸಿರಲಿಲ್ಲ.

"ಯಾಕಂತೆ?" ಅಂದೆ.

"ಅಪ್ಪ ಹೇಳೋದು, ಟೆಂಡರ್ ಹಾಕುವಾಗ ಪಕ್ಕದವನು ದುಂಡಗೆ ನೂರರ ಲೆಕ್ಕ ಹಾಕಿರ್ತಾನೆ ಅಂತ ಇವನು ಒಂಬತ್ತು ರೂಪಾಯಿ ಮೇಲೆ ಇಟ್ಟಿರ್ತಾನೆ. ಅಷ್ಟರಲ್ಲೇ ಲಾಟು ಹೊಡ್ಕೊಂಡು ಹೋಗ್ಬಹುದು."

ನಾನು ಡಸ್ಟರ್ ಕೆಳಗಿಟ್ಟೆ. ಅವರಪ್ಪ ಹೇಳಿದ್ದು ಸರಿಯಾದರೆ ಇದು ನಾಸ್‌ಡ್ಯಾಕ್‌ಗೆ ಪೂರಾ ತಿರುಗುಮುರುಗು. ಅಲ್ಲಿ ಪೈಪೋಟಿ ಸತ್ತದ್ದಕ್ಕೆ ಬೆಲೆ ದುಂಡು ಸಂಖ್ಯೆಯಲ್ಲಿ ಕೂತಿತ್ತು. ಇಲ್ಲಿ ಮುಚ್ಚಿದ ಟೆಂಡರಿನಲ್ಲಿ ಪೈಪೋಟಿ ಇರುವುದಕ್ಕೇ ಬೆಲೆ ದುಂಡು ಸಂಖ್ಯೆಯಿಂದ ಒಂಬತ್ತು ರೂಪಾಯಿ ಆಚೆ ಸರಿದಿದೆ. ಆದರೆ ಎಲ್ಲರೂ ಒಂಬತ್ತನ್ನೇ ಹಾಕತೊಡಗಿದರೆ? ಆಗಲೂ ಅದು ಪೈಪೋಟಿಯ ಗುರುತೋ, ಅಥವಾ ಬರೀ ರೂಢಿಯೋ? ಯಾರಾದರೂ ಹನ್ನೊಂದು ಹಾಕಬೇಕಿತ್ತಲ್ಲ.

ಅದನ್ನೇ ಅವನಿಗೆ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಒಂದು ವಾರ ಬಿಟ್ಟು ಬಂದಾಗ ಕೈಯಲ್ಲಿ ಇನ್ನೂರು ಪೇಜಿನ ನೋಟ್‌ಬುಕ್ ಇತ್ತು. ಮೂರು ತಿಂಗಳ ಮಂಡಿ ರೇಟುಗಳನ್ನು ಹಳೇ ಪೇಪರುಗಳಿಂದ ನೀಲಿ ಪೆನ್ನಿನಲ್ಲಿ ಬರೆದುಕೊಂಡು ಬಂದಿದ್ದ. ಸರಾಸರಿ ತೆಗೆಯಬೇಕಾ ಅಂತ ಕೇಳಿದ.

"ಈಗಲೇ ಬೇಡ" ಅಂದೆ.

ಅವನು ಕೊನೆಯ ಪುಟ ತಿರುವಿ, ಸ್ಕೇಲ್ ಇಟ್ಟು, ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಡಬ್ಬಿ ಗೆರೆ ಎಳೆಯತೊಡಗಿದ.